ಐದು ಸ್ವರಕ್ಕೆ ಒಬ್ಬ ಯಜಮಾನ

ಬಸ್ಸು ಬರದೇ ಹೋಗಬಹುದಿತ್ತು. ಬಂದರೂ ಜಾಗವಿಲ್ಲವೆಂದು ಸವಣೂರಿನಲ್ಲಿ ನಿಲ್ಲಿಸದೇ ಹೋಗಬಹುದಿತ್ತು. ನಿಲ್ಲಿಸಿದರೂ ಕಂಡಕ್ಟರು ಹಟ ಹಿಡಿದು ಕಾಕಾನ ಗಿಟಾರನ್ನು ಟಾಪಿಗೆ ಹತ್ತಿಸಬಹುದಿತ್ತು. ಅದರ ಮೇಲೆ ಯಾರದೋ ಎಲೆಯ ಪೆಂಡಿ, ಪೆಂಡಿಯ ಮೇಲೆ ಯಾರದೋ ತಗಡಿನ ಟ್ರಂಕು, ಟ್ರಂಕಿನ ಮೇಲೆ ಟ್ರಂಕಿನ ಧಣಿ. ಹೊರಡುವ ದಿನ ಮುಂಜಾನೆ ಕಾಕಾ ಅಡಿಕೆ ಕತ್ತರಿಸಲು ಹೋಗಿ ಅಡಕೊತ್ತಿನ ಬಾಯಿಗೆ ಬೆರಳು ಕೊಡಬಹುದಿತ್ತು. ಬುತ್ತಿಯೊಳಗಿನ ಬದನೆಕಾಯಿ ಎಣ್ಣೆಗಾಯಿ ಸೋರಿ ಅವನ ಬಿಳಿ ಪ್ಯಾಂಟಿನ ಮೇಲೆ ಸವಣೂರು ಸಂಸ್ಥಾನದ ನಕಾಶೆ ಮೂಡಬಹುದಿತ್ತು. ಶಿಗ್ಗಾವಿಯಲ್ಲಿ ಮಳೆ ಬರಬಹುದಿತ್ತು, ಕರೆಂಟು ಹೋಗಬಹುದಿತ್ತು, ಮೈಕು ಸಿಳ್ಳೆ ಹಾಕಬಹುದಿತ್ತು, ಸ್ಟೇಜಿನ ಹಲಗೆ ಮುರಿಯಬಹುದಿತ್ತು. ಮನೆಯಲ್ಲಿ ಬಿಟ್ಟುಬಂದ ಅಜ್ಜಿಗೆ ಎದೆ ಹಿಡಿದು, ಯಾರೋ ಸೈಕಲ್ ಹತ್ತಿ ನಮ್ಮನ್ನು ಹುಡುಕಿಕೊಂಡು ಬರಬಹುದಿತ್ತು. ಕಾಕಾ ಎಲ್ಲ ಮರೆತು ಸುಮ್ಮನೆ ನಿಂತುಬಿಡಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ತುಂಬಿದ ಮೈದಾನದಲ್ಲಿ ಅಪ್ಪ ಎದ್ದು ನಿಂತು ‘ಇದು ಭೂಪ!’ ಎಂದು ರಾಗದ ಹೆಸರು ಕೂಗಬಹುದಿತ್ತು, ಮಗ್ಗುಲಲ್ಲೇ ಅವನ ಅಕ್ಕ ಗಂಗತ್ತಿ ಸೆರಗು ಸಿಕ್ಕಿಸಿಕೊಂಡು ಎದ್ದು ‘ಅಲ್ಲ, ಧಾನಿ!’ ಅನ್ನಬಹುದಿತ್ತು. ಇವೆಲ್ಲವನ್ನೂ ನಾನು ಹೊರಡುವ ಮೊದಲೇ ಒಂದೊಂದಾಗಿ ಅನುಭವಿಸಿ, ಅತ್ತು, ಬೆವತು ಮುಗಿಸಿದ್ದೆ. ಆಗ ನಾನಿನ್ನೂ ಪರಕರ ಉಡುತ್ತಿದ್ದ ಹುಡುಗಿ. ಇವುಗಳಲ್ಲಿ ಒಂದೂ ಆಗಲಿಲ್ಲ. ಈ ಲೋಕದ ಮೇಲೆ ನನ್ನ ದೊಡ್ಡ ತಕರಾರೇ ಅದು. ಇಷ್ಟು ಕಷ್ಟಪಟ್ಟು ಕಾಳಜಿ ಮಾಡುತ್ತೇನೆ, ಅದಕ್ಕೆ ಒಂದು ದಿನವೂ ಮರ್ಯಾದೆ ಸಿಕ್ಕಿಲ್ಲ.

ನಮ್ಮದು ಎಲೆ ವ್ಯಾಪಾರದ ಮನೆ. ಪಡಸಾಲೆಯ ಅರ್ಧ ಭಾಗ ಒದ್ದೆ ಗೋಣಿಚೀಲದ ಕೆಳಗೆ ಮಲಗಿದ ವೀಳ್ಯದೆಲೆಗೆ ಸೇರಿದ್ದು, ಉಳಿದ ಅರ್ಧ ಮನುಷ್ಯರಿಗೆ. ಎಲೆಗೆ ನೀರು ಚಿಮುಕಿಸುವುದನ್ನು ಯಾರೂ ಮರೆಯುತ್ತಿರಲಿಲ್ಲ. ನಮಗೆ ಜ್ವರ ಬಂದರೆ ಮಾತ್ರ ಸಂಜೆಯವರೆಗೂ ಗೊತ್ತಾಗುತ್ತಿರಲಿಲ್ಲ. ಪಡಸಾಲೆ ದಾಟಿದರೆ ನಡುಮನೆ, ಅದರ ಆಚೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲಿ ದೇವರ ಜಗುಲಿ. ಊಟಕ್ಕೆ ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಕೂರಬೇಕು. ಜಗಳ ಹುಟ್ಟುತ್ತಿದ್ದುದು ಅಲ್ಲಿಯೇ. ಅಜ್ಜ ಇದ್ದಾಗ ಮೊದಲ ರೊಟ್ಟಿ ಅಜ್ಜನ ತಾಟಿಗೆ ಬೀಳುತ್ತಿತ್ತು. ಅಜ್ಜ ಹೋದ ಮೇಲೆ ಅದು ಯಾರಿಗೆ ಎಂದು ಅಜ್ಜಿ ಹೇಳಲೇ ಇಲ್ಲ. ಅಂಗಡಿ ನಡೆಸುವವನು ಅಪ್ಪ. ಹಾಗಾಗಿ ತಾನೇ ಯಜಮಾನ ಎಂದು ಅವನ ಲೆಕ್ಕ. ಆದರೆ ಗಂಗತ್ತಿ ಅಪ್ಪನಿಗಿಂತ ದೊಡ್ಡವಳು. ಹಾನಗಲ್ಲಿಗೆ ಲಗ್ನವಾಗಿ ಹೋಗಿ, ಗಂಡ ತೀರಿದ ಮೇಲೆ ತವರಿಗೆ ಬಂದವಳು. ಬರುವಾಗ ತಂದದ್ದು ಒಂದು ಟ್ರಂಕು ಮತ್ತು ಅಲ್ಲಿನ ಒಬ್ಬ ಮಾಸ್ತರರ ಹತ್ತಿರ ಕಲಿತ ಸಂಗೀತ. ಟ್ರಂಕನ್ನು ಅಟ್ಟಕ್ಕೆ ಏರಿಸಿದಳು, ಸಂಗೀತವನ್ನು ಮಾತ್ರ ನಾಲಿಗೆಯ ಮೇಲೇ ಇಟ್ಟುಕೊಂಡಳು. ಮೊದಲ ರೊಟ್ಟಿ ಹಿಡಿದ ಅವ್ವ ಈ ಅಕ್ಕ-ತಮ್ಮಂದಿರ ನಡುವೆ ನಿಂತಲ್ಲೇ ಬೇಯುತ್ತಿದ್ದಳು. ಕೊನೆಗೆ ಅವಳೇ ಒಂದು ದಾರಿ ಕಂಡುಕೊಂಡಳು: ಎರಡು ರೊಟ್ಟಿ ಬೇಯುವವರೆಗೆ ತಡೆದು, ಎರಡೂ ಕೈಯಲ್ಲಿ ಒಂದೊಂದು ಹಿಡಿದು ಬಂದು, ಇಬ್ಬರ ತಾಟಿಗೂ ಒಂದೇ ಏಟಿಗೆ ಹಾಕುವುದು.

“ವೈನಿ ಕಾರ್ಡ್ ಬಾರಿಸಿದ್ರು” ಎಂದು ಶಿವು ಕಾಕಾ ನಗುತ್ತಿದ್ದ.

ನಗುತ್ತಿದ್ದವನು ಅವನೊಬ್ಬನೇ, ಏಕೆಂದರೆ ಕಾರ್ಡ್ ಎಂದರೇನೆಂದು ಮನೆಯಲ್ಲಿ ಗೊತ್ತಿದ್ದವನೂ ಅವನೊಬ್ಬನೇ. ನಾಲ್ಕಾರು ತಂತಿಯನ್ನು ಬೇರೆ ಬೇರೆ ಕಡೆ ಒತ್ತಿ ಹಿಡಿದು ಎಲ್ಲವನ್ನೂ ಒಟ್ಟಿಗೇ ಮೀಟಿದಾಗ ಹೊರಡುವ ಸದ್ದಿಗೆ ಗಿಟಾರಿನವರು ಹಾಗೆನ್ನುತ್ತಾರೆ. ಕಾಕಾ ಅಪ್ಪನ ಕಿರಿಯ ತಮ್ಮ. ಬಿ.ಕಾಂ. ಮಾಡಿಕೊಂಡು ಬಾ ಎಂದು ಹುಬ್ಬಳ್ಳಿಗೆ ಕಳಿಸಿದರೆ, ಬಿ.ಕಾಂ. ಅನ್ನು ಅಲ್ಲೇ ಬಿಟ್ಟು ಗಿಟಾರು ಹೊತ್ತುಕೊಂಡು ಬಂದಿದ್ದ. ಎಲೆ ಎಣಿಸಲು ಕೂರಿಸಿದರೆ ಕವಳಿಗೆ ಕವಳಿಗೆಗೂ ತಾಳ ಹಾಕುತ್ತಿದ್ದ. ಗಿರಾಕಿಗಳು ಸಿಟ್ಟಾಗುತ್ತಿದ್ದರು. ಒಂದು ಮಧ್ಯಾಹ್ನ ಊಟದ ಸಾಲಿನಲ್ಲೇ ಅಪ್ಪ ಬಾಯಿಬಿಟ್ಟ.

“ಏನಲೇ ಶಿವ್ಯಾ, ಇನ್ನ ಎಷ್ಟ ದಿನಾ ಆ ಕಟಗಿ ಕೆರಕೊಂತ ಕುಂದರ್ತಿ? ಗಣಪತಿ ಹಬ್ಬ ಮುಗಿಯೋದ್ರಾಗ ಒಂದ ದಾರಿ ಆಗಬೇಕ ನೋಡ. ಇಲ್ಲಂದ್ರ ಹಿರೇಕೆರೂರಿಗೆ ನಡಿ. ಇಕಿ ಅಣ್ಣನ ಹಿಂಡಿ ಅಂಗಡ್ಯಾಗ ತಕ್ಕಡಿ ಹಿಡ್ಯಾಕ ಒಬ್ಬಾಂವ ಬೇಕಾಗ್ಯಾನ.”

ಅಡುಗೆಮನೆಯಿಂದ ಅವ್ವನ ದನಿ ಬಂತು:

“ನಮ್ಮಣ್ಣನ ಅಂಗಡಿ ಏನ್ ಜೇಲೇನ್ರಿ, ಅದರ ಹೆಸರ ಹೇಳಿ ಅಂಜಸಾಕ?”

“ನಾ ಎಲ್ಲಿ ಅಂಜಸೀನಿ? ಬರೇ ತಕ್ಕಡಿ ಅಂದ್ನಿ.”

“ಅಣ್ಣಾ, ನಾ ಹುಬ್ಬಳ್ಳಿ ಆರ್ಕೆಸ್ಟ್ರಾದವರನ್ನ ಕಂಡು ಬಂದೇನಿ” ಎಂದ ಕಾಕಾ, ರೊಟ್ಟಿಯನ್ನು ನೋಡುತ್ತ. “ಹಬ್ಬದಾಗ ಶಿಗ್ಗಾವ್ಯಾಗ ಅವರ ಕಾರ್ಯಕ್ರಮ ಐತಿ. ಅಲ್ಲಿ ಬಾರಿಸಿ ತೋರಿಸಂದಾರ. ಪಾಸಾದ್ರ ಪಾರ್ಟಿಯೊಳಗ ಕಾಯಂ. ಆಗಲಿಲ್ಲಂದ್ರ... ತಕ್ಕಡಿ ಹಿಡೀತೇನಿ.”

ಹೀಗೆ ಕಾಕಾನ ಬಾಳುವೆ ಎರಡು ಊರುಗಳ ನಡುವೆ ನಿಂತಿತು. ಹುಬ್ಬಳ್ಳಿಯಲ್ಲಿ ಗಿಟಾರು, ಹಿರೇಕೆರೂರಿನಲ್ಲಿ ದನಕ್ಕೆ ಹಾಕುವ ಹತ್ತಿಕಾಳಿನ ಹಿಂಡಿ. ಆರ್ಕೆಸ್ಟ್ರಾದ ಮಾಲೀಕರನ್ನು ಎಲ್ಲರೂ ‘ಮಾಸ್ತರ’ ಎಂದೇ ಕರೆಯುತ್ತಿದ್ದರು. ಅವರ ಪಾರ್ಟಿಯ ಹಳೆಯ ಗಿಟಾರಿನವನು ಮುಂಬೈಗೆ ಹೋಗಿಬಿಟ್ಟಿದ್ದ. ಪಾರ್ಟಿಯ ಪ್ರತಿ ಕಾರ್ಯಕ್ರಮ ಶುರುವಾಗುತ್ತಿದ್ದುದು ಅವನೇ ಕಟ್ಟಿದ ಒಂದು ವಾದ್ಯಸಂಗೀತದಿಂದ, ಮತ್ತು ಆ ವಾದ್ಯಸಂಗೀತ ಶುರುವಾಗುತ್ತಿದ್ದುದು ಅವನೊಬ್ಬನೇ ಬಾರಿಸುವ ಒಂದು ಕಾರ್ಡಿನಿಂದ. ಒಂದೇ ಒಂದು ಏಟು. ಅದು ಗಾಳಿಯಲ್ಲಿ ನಿಂತಿರುವಾಗಲೇ ಡ್ರಮ್ಮು, ಅಕಾರ್ಡಿಯನ್ನು ಎಲ್ಲ ಬಂದು ಬೀಳುತ್ತಿದ್ದವು. ಆ ಕಾರ್ಡ್ ಯಾವುದೆಂದು ಹೋದವನು ಯಾರಿಗೂ ಹೇಳಿಹೋಗಿರಲಿಲ್ಲ. ಉಳಿದದ್ದು ಯಾವುದೋ ಕಾರ್ಯಕ್ರಮದಲ್ಲಿ ಹಿಡಿದ ಒಂದು ಕ್ಯಾಸೆಟ್. ಮಾಸ್ತರರು ಅದನ್ನು ಕಾಕಾನ ಕೈಗಿಟ್ಟು ಹೇಳಿದ್ದರಂತೆ:

“ನಿನ್ನ ಕೈ ಚಲೋ ಐತಿ, ತಮ್ಮಾ. ಆದ್ರ ನನಗ ಆ ಸುರುವಿನ ಸದ್ದು ಬೇಕು. ಅದನ್ನ ಕೇಳಿದ ಕೂಡ್ಲೆ ಮಂದಿ ಬೀಡಿ ಆರಿಸಿ ಕುಂದರ್ತಾರ. ಅದು ಯಾವ ಕಾರ್ಡು ಅಂತ ಹಿಡಿ, ಅದಕ್ಕೇನಂತಾರ ನಮ್ಮ ಹುಡುಗರಿಗೆ ಹೇಳು, ಬಾರಿಸು. ಹೆಸರ ಇಲ್ಲದ್ದನ್ನ ನಮ್ಮ ಹುಡುಗರು ಮುಟ್ಟಂಗಿಲ್ಲ.”

ಕಾಕಾನ ಹತ್ತಿರ ಹುಬ್ಬಳ್ಳಿಯಲ್ಲಿ ಕೊಂಡ ತೆಳ್ಳನೆಯ ಇಂಗ್ಲಿಷ್ ಪುಸ್ತಕವೊಂದಿತ್ತು. ಪುಟದ ತುಂಬ ಗೆರೆ, ಗೆರೆಯ ಮೇಲೆ ಚುಕ್ಕಿ, ಚುಕ್ಕಿಯಿದ್ದಲ್ಲಿ ಬೆರಳಿಡಬೇಕು. ಅದರಲ್ಲಿದ್ದ ಕಾರ್ಡುಗಳನ್ನೆಲ್ಲ ಅವನು ಬಾರಿಸಿ ನೋಡಿದ. ಕ್ಯಾಸೆಟ್ಟಿನಲ್ಲಿದ್ದದ್ದು ಅವುಗಳಲ್ಲಿ ಯಾವುದೂ ಅಲ್ಲ. ಅದು ನಗುವೂ ಅಲ್ಲ, ಅಳುವೂ ಅಲ್ಲ. ಯಾರೋ ಬಾಗಿಲು ತೆರೆದು, ಒಳಗೂ ಬರದೆ ಹೊರಗೂ ಹೋಗದೆ ನಿಂತ ಹಾಗೆ ಕೇಳಿಸುತ್ತಿತ್ತು. ನನಗಂತೂ ಅದನ್ನು ಕೇಳಿದಾಗಲೆಲ್ಲ ಒಲೆಯ ಮೇಲೆ ಏನೋ ಬಿಟ್ಟು ಬಂದಿದ್ದೇನೆ ಅನ್ನಿಸುತ್ತಿತ್ತು.

ಕ್ಯಾಸೆಟ್ ಕೇಳಲು ನಮ್ಮಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಪಕ್ಕದ ಮನೆಯ ಬಾಬಾಜಾನ್ ಚಾಚಾ ಖಾರಾ ಮಾಡಿ ಮಾರುವವರು. ಅವರ ಮಗ ದುಬೈಯಿಂದ ಒಂದನ್ನು ತಂದುಕೊಟ್ಟಿದ್ದ. ಅದರ ಗುಂಡಿಗಳಿಗೆಲ್ಲ ಕಡಲೆಹಿಟ್ಟು ಮೆತ್ತಿತ್ತು, ಒಳಗಿನಿಂದ ಸದಾ ಕರಿದ ಎಣ್ಣೆಯ ವಾಸನೆ. ಕರೆಂಟಿಗೆ ಹಚ್ಚಿದರೆ ಗುಂಯ್ ಎಂದು ದುಂಬಿ ಹೊಕ್ಕಂತಾಗುತ್ತಿತ್ತು, ಹಾಗಾಗಿ ಸೆಲ್ಲು ಹಾಕಿಯೇ ಕೇಳಬೇಕು. ಸೆಲ್ಲು ಮುಗಿಯುತ್ತ ಬಂದರೆ ಮಾಳಿಗೆಯ ಮೇಲೆ ಬಿಸಿಲಿಗೆ ಇಡಬೇಕು. ಬಿಸಿ ಕುಡಿದು ಅವು ಇನ್ನಷ್ಟು ಹೊತ್ತು ಬದುಕುತ್ತವೆ. ಹಪ್ಪಳ ಸಂಡಿಗೆಯ ಜೊತೆ ನಮ್ಮ ಮಾಳಿಗೆಯಲ್ಲಿ ಸೆಲ್ಲೂ ಒಣಗುತ್ತಿದ್ದವು. ಕಾಕಾ ಮುಂಜಾನೆ ಅಪ್ಪನ ಹಾರ್ಮೋನಿಯಂ ಮುಂದಿಟ್ಟುಕೊಂಡು ಕಾರ್ಡಿನ ಒಂದೊಂದೇ ಸ್ವರ ಹೆಕ್ಕುತ್ತಿದ್ದ. ಸಂಜೆ ಮತ್ತೆ ಕೇಳಿ ನೋಡಿದರೆ ಒಂದೂ ಹೊಂದುತ್ತಿರಲಿಲ್ಲ. ಎಲ್ಲವೂ ಹಾರ್ಮೋನಿಯಂನ ಒಂದು ಮನೆ, ಅಂದರೆ ಒಂದು ಕೀಲಿ, ಕೆಳಗೆ ಇಳಿದು ಕೂತಿರುತ್ತಿದ್ದವು. ಮುಂಜಾನೆ ಹೆಕ್ಕಿದ್ದನ್ನು ಸಂಜೆ ಅಳಿಸುವುದು, ಸಂಜೆ ಹೆಕ್ಕಿದ್ದನ್ನು ಮುಂಜಾನೆ ಅಳಿಸುವುದು. ಅವನಿಗೆ ಕಿವಿ ಹೋಗಿದೆ ಎಂದು ಅಪ್ಪ, ಕೈ ಹೋಗಿದೆ ಎಂದು ಗಂಗತ್ತಿ, ತಲೆ ಹೋಗುತ್ತದೆ ಎಂದು ನಾನು. ಹಬ್ಬ ಹತ್ತಿರ ಬರುತ್ತಿತ್ತು. ಹೀಗಿರುವಾಗ ಒಂದು ಸಂಜೆ, ಕ್ಯಾಸೆಟ್ಟಿನಲ್ಲಿ ಕಾರ್ಡು, ವಾದ್ಯಸಂಗೀತ ಎಲ್ಲ ಮುಗಿದು ಹಾಡು ಶುರುವಾದಾಗ ಅವ್ವ ಒಲೆಯ ಮುಂದಿನಿಂದಲೇ ಕೇಳಿದಳು:

“ಅಲ್ಲೋ ಶಿವು, ಈ ಹಾಡು ಹೇಳಾಕಿಗೆ ಸಂಜಿ ಆದ ಕೂಡ್ಲೆ ನೆಗಡಿ ಬರ್ತೈತೇನು? ಮುಂಜಾನೆ ಚಂದಗೆ ಹೇಳ್ತಿರ್ತಾಳ, ಸಂಜಿಗೆ ಗಂಡಸ್ರಂಗ ಹೇಳ್ತಾಳ.”

ಕಾಕಾ ಹಣೆ ಹಣೆ ಬಡಿದುಕೊಂಡ. ಮುಂಜಾನೆ ಕಸುವಿದ್ದ ಸೆಲ್ಲು ಸಂಜೆಗೆ ಸೋತು ಟೇಪು ನಿಧಾನವಾಗುತ್ತಿತ್ತು. ಟೇಪು ನಿಧಾನವಾದರೆ ಸ್ವರ ಇಳಿಯುತ್ತದೆ. ಅಷ್ಟೇ. ಇಷ್ಟು ದಿನ ನಾವು ಕಾರ್ಡನ್ನಲ್ಲ, ಸೆಲ್ಲಿನ ಆಯುಷ್ಯವನ್ನು ಅಳೆಯುತ್ತ ಕೂತಿದ್ದೆವು. ಅವ್ವನಿಗೆ ಇದನ್ನು ವಿವರಿಸಿದಾಗ ಅವಳು “ಮತ್ತ ನನ್ನ ಮೊದ್ಲ ಕೇಳಬೇಕಿಲ್ಲ?” ಎಂದಳು. ನಮ್ಮ ಮನೆಯಲ್ಲಿ ಎಲ್ಲರೂ ಎಲ್ಲ ಆದ ಮೇಲೆ ಹೇಳುವ ಮಾತು ಅದೇ.

ಹೊಸ ಸೆಲ್ಲು ಬಂದವು. ಭಾನುವಾರ ಮುಂಜಾನೆ ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಹಾರ್ಮೋನಿಯಂ ಮುಂದೆ ತಾನೇ ಕೂತ. ಗಿಟಾರಿನ ಬಗ್ಗೆ ಎಷ್ಟೇ ಬೈದರೂ, ಮನೆಯಲ್ಲಿ ಒಂದು ಸ್ವರ ಹೆಸರಿಲ್ಲದೆ ಅಡ್ಡಾಡುತ್ತಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಸೋಮವಾರದ ಭಜನೆಯಲ್ಲಿ ಪೆಟ್ಟಿಗೆ ನುಡಿಸುವವನು ಅವನೇ. ಕಾಕಾ ಟೇಪನ್ನು ಮತ್ತೆ ಮತ್ತೆ ಹಿಂದೆ ತಿರುಗಿಸಿ ಹಾಕಿದ, ಅಪ್ಪ ಮನೆ ಒತ್ತಿದ, ಕಾಕಾ ಗಿಟಾರಿನ ತಂತಿ ಹಿಡಿದ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಸಿಕ್ಕವು. ಹಾರ್ಮೋನಿಯಂ ಮೇಲೆ ಐದು ಬಿಳಿ ಮನೆಗಳು. ಗಿಟಾರಿನವರ ಭಾಷೆಯಲ್ಲಿ ಎಫ್, ಜಿ, ಎ, ಸಿ, ಡಿ. ಕಾಕಾ ಆರೂ ತಂತಿ ಒಟ್ಟಿಗೆ ಎಳೆದ. ಬಾಗಿಲಲ್ಲಿ ನಿಂತವರು ನಮ್ಮ ಪಡಸಾಲೆಗೇ ಬಂದ ಹಾಗಾಯಿತು. ನನಗೆ ಒಲೆಯ ನೆನಪಾಯಿತು. ಎಲ್ಲವೂ ಅಲ್ಲಿಗೆ ಮುಗಿಯಬೇಕಿತ್ತು.

“ಸಾ ರೇ ಗ ಪ ಧ” ಎಂದು ಅಪ್ಪ ಎಫ್‌ನಿಂದ ಹಿಡಿದು ಒಂದೊಂದೇ ನುಡಿಸಿ ತೋರಿಸಿದ. “ಭೂಪ ರಾಗ ಇದು. ಇದರಾಗ ತಿಳೀದಂಥಾದ್ದೇನೈತಿ? ಬರ್ಕೋ, ಭೂಪ.”

ನಡುಮನೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಗಂಗತ್ತಿ ಮೊರವನ್ನು ಕೆಳಗಿಟ್ಟಳು.

“ಭೂಪ ಅಲ್ಲ ಅದು. ಧಾನಿ.”

“ಅಕ್ಕಾ, ನೀ ಅಕ್ಕಿ ನೋಡು.”

“ಅಕ್ಕಿ ನೋಡಾಕ ಕಣ್ಣು ಸಾಕು. ಕಿವಿ ಖಾಲಿ ಕುಂತಾವು. ನೀ ಸಾ ಎಲ್ಲಿಟ್ಟಿ?”

“ಎಫ್ ಮ್ಯಾಲೆ.”

“ಯಾಕ? ಡಿ ಮ್ಯಾಲೆ ಇಡು. ಸಾ ಗ ಮ ಪ ನಿ. ಗ, ನಿ ಎರಡೂ ಕೋಮಲ. ಧಾನಿ ಆತೋ ಇಲ್ಲೋ? ಹಾನಗಲ್ಲಾಗ ನಮ್ಮ ಮಾಸ್ತರು ಕಲಿಸಿದ್ದನ್ನ ನೀ ನನಗ ಹೇಳಬ್ಯಾಡ.”

“ಅಣ್ಣಾ, ಅಕ್ಕಾ” ಎಂದ ಕಾಕಾ, “ಇದು ರಾಗ ಅಲ್ರಿ. ಎಲ್ಲಾ ಸ್ವರ ಒಮ್ಮಿಗೇ ಬಾರಿಸೂದು.”

“ಒಮ್ಮಿಗೇ ಬಾರಿಸಿದ್ರ ಹೆಸರ ಹೋಗತೈತೇನಲೇ?” ಎಂದ ಅಪ್ಪ. “ಮನ್ಯಾನ ಮಂದಿ ಎಲ್ಲಾ ಒಮ್ಮಿಗೇ ಬಾಯಿ ಮಾಡಿದ್ರ ಮನಿತನದ ಹೆಸರ ಬದಲಾಗತೈತೇನು?”

ತಿಳಿಯದವರಿಗೆ ಇಷ್ಟು ಹೇಳಬೇಕು. ಇಬ್ಬರೂ ಸರಿಯಾಗಿಯೇ ಇದ್ದರು. ಸಿಟ್ಟು ಬರುತ್ತಿದ್ದುದು ಅದಕ್ಕೇ. ಐದು ಜನ ಒಂದು ಸಾಲಿನಲ್ಲಿ ಊಟಕ್ಕೆ ಕೂತಿದ್ದಾರೆ ಅಂದುಕೊಳ್ಳಿ. ಯಾರಿಂದ ಬಡಿಸಲು ಶುರು ಮಾಡುತ್ತೀರೋ ಅವರು ಯಜಮಾನರು, ಉಳಿದವರ ಸ್ಥಾನವೆಲ್ಲ ಅವರಿಂದ ಎಣಿಸಿದ್ದು. ಜನ ಅವರೇ, ಸಾಲೂ ಅದೇ. ಎಫ್‌ನಿಂದ ಬಡಿಸಿದರೆ ಭೂಪ, ಡಿ ಇಂದ ಬಡಿಸಿದರೆ ಧಾನಿ. ಗಿಟಾರಿನವರದೂ ಇದೇ ಪದ್ಧತಿ ಎಂದು ಕಾಕಾ ಪುಸ್ತಕದ ಕೊನೆಯ ಪುಟದ ಸಣ್ಣ ಅಕ್ಷರ ಓದಿ ಕಂಡುಕೊಂಡ. ಮೊದಲು ಯಜಮಾನ ಸ್ವರದ ಹೆಸರು, ಆಮೇಲೆ ಅವನ ಮನೆಗೆ ಬಂದ ನೆಂಟ ಸ್ವರಗಳು ಅವನಿಂದ ಎಷ್ಟನೆಯವು ಎಂಬ ಅಂಕಿ. ಎಫ್ ಯಜಮಾನನಾದರೆ ಈ ಕಾರ್ಡು ‘ಎಫ್ ಸಿಕ್ಸ್ ನೈನ್’. ಡಿ ಆದರೆ ‘ಡಿ ಮೈನರ್ ಇಲೆವನ್’. ಪುಸ್ತಕದ ಚಿತ್ರಗಳಲ್ಲಿ ಇದು ಇಲ್ಲದ್ದೇಕೆಂದು ನನಗೆ ಆಗ ಹೊಳೆಯಿತು: ಪುಸ್ತಕ ಬರೆದವರ ಮನೆಯಲ್ಲೂ ಜಗಳವಾಗಿರಬೇಕು.

ಸೋಮವಾರದ ಭಜನೆಗೆ ಬಂದವರ ಮುಂದೆ ಅಪ್ಪ ವಿಷಯ ಇಟ್ಟ. ಅವರು ತನ್ನ ಪರವಾಗಿ ಕೈ ಎತ್ತುತ್ತಾರೆಂದು ಅವನ ಧೈರ್ಯ. ಅವರಲ್ಲೊಬ್ಬರು ಕಣ್ಣು ಮುಚ್ಚಿ ಕೇಳಿ, ಸಿ ಇಂದ ಹಿಡಿದು “ದುರ್ಗಾ” ಎಂದರು. ಇನ್ನೊಬ್ಬರು ಎ ಇಂದ ಹಿಡಿದು “ಮಾಲಕಂಸ, ಅನುಮಾನನ ಇಲ್ಲ” ಎಂದರು. ಮೂರನೆಯವರು ಚಹಾ ಬರುತ್ತದೋ ಇಲ್ಲವೋ ಎಂದು ಕೇಳಿದರು. ಆ ದಿನದಿಂದ ಅಪ್ಪ ಮತ್ತು ಗಂಗತ್ತಿ ನೇರವಾಗಿ ಮಾತಾಡುವುದನ್ನು ಬಿಟ್ಟರು, ಎಲ್ಲವೂ ನನ್ನ ಮೂಲಕವೇ. “ಶಾರಿ, ನಿಮ್ಮತ್ತಿಗೆ ಉಪ್ಪಿನ ಡಬ್ಬಿ ಈ ಕಡೆ ಸರಸಾಕ ಹೇಳು” ಎಂದು ಅಪ್ಪ, “ಶಾರಿ, ಭೂಪಕ್ಕ ಉಪ್ಪು ಬೇಕಾಗಂಗಿಲ್ಲಂತ ನಿಮ್ಮಪ್ಪಗ ಹೇಳು” ಎಂದು ಅತ್ತಿ. ಅವ್ವನ ಎರಡು ರೊಟ್ಟಿಯ ಉಪಾಯವೂ ಕೆಟ್ಟಿತು. ಇಬ್ಬರೂ ತಾಟಿನ ಮೇಲೆ ಅಡ್ಡ ಕೈ ಹಿಡಿದು ‘ಮೊದಲು ಅವರಿಗೆ ಹಾಕು’ ಎನ್ನತೊಡಗಿದರು. ಮರ್ಯಾದೆಗಾಗಿ ಜಗಳಾಡುವವರು ಮರ್ಯಾದೆ ಕೊಟ್ಟೂ ಜಗಳಾಡಬಲ್ಲರು ಎಂದು ನನಗೆ ಗೊತ್ತಾದದ್ದು ಆಗ. ಅವ್ವ ಎರಡೂ ರೊಟ್ಟಿಯನ್ನು ನನ್ನ ತಾಟಿಗೆ ಒಗೆದು ಒಳಗೆ ಹೋದಳು.

“ಒಂದ ಸಪ್ಪಳಕ್ಕ ಇಷ್ಟ ಹೊಡದಾಡಾಕತ್ತೀರಿ. ಅದಕ್ಕೊಂದು ತೊಟ್ಲ ಕಟ್ಟಿ, ಕಿವ್ಯಾಗ ಕುರ್ರ್ ಅಂದು ಒಂದ್ ಹೆಸರಿಟ್ಟು ಬಿಡ್ರಿ” ಎಂದು ಅಜ್ಜಿ ಹಾಸಿಗೆಯಿಂದಲೇ ಗೊಣಗಿದಳು.

“ಕೂಸಿಗೆ ಹೆಸರಿಡೂದು ಸೋದರತ್ತಿ ಹಕ್ಕು” ಎಂದಳು ಗಂಗತ್ತಿ, ಗೆದ್ದವಳ ಹಾಗೆ.

ಇದೆಲ್ಲದರ ನಡುವೆ ಕಾಕಾ ಬಡವಾದ. ಕಾರ್ಡು ಸಿಕ್ಕಿತ್ತು, ಬೆರಳು ಕೂತಿತ್ತು; ಆದರೆ ಅಣ್ಣನ ಹೆಸರು ಹೇಳಿದರೆ ಅಕ್ಕನಿಗೆ ಸಿಟ್ಟು, ಅಕ್ಕನ ಹೆಸರು ಹೇಳಿದರೆ ಅಣ್ಣನಿಗೆ, ಯಾವುದನ್ನೂ ಹೇಳದಿದ್ದರೆ ಹಿಂಡಿ ಅಂಗಡಿ. ನನಗೋ, ಅವನಿಗಿಂತ ಹೆಚ್ಚು. ಒಂದು ವಸ್ತುವಿಗೆ ಒಂದು ಹೆಸರು ಇರುತ್ತದೆ, ಅದನ್ನು ಕಲಿತರೆ ಮುಗಿಯಿತು ಎಂದು ಶಾ‍ಲೆಯಲ್ಲಿ ನಂಬಿಸಿದ್ದರು. ನಮ್ಮ ಪಡಸಾಲೆಯಲ್ಲಿ ಅದೂ ಹೋಯಿತು. ಇವತ್ತಿಗೂ ಡಾಕ್ಟರು ನನ್ನ ಬೇನೆಗೆ ಒಂದು ಹೆಸರು ಹೇಳಿದರೆ, ಇವರು ಯಾವ ಸ್ವರದಿಂದ ಎಣಿಸುತ್ತಿದ್ದಾರೋ ಎಂದು ಇನ್ನೊಬ್ಬರ ಹತ್ತಿರ ಹೋಗುತ್ತೇನೆ. ಅವರು ಇನ್ನೊಂದು ಹೇಳುತ್ತಾರೆ. ಮನೆಗೆ ಬಂದು ಎರಡೂ ಬೇನೆಗೆ ಪಥ್ಯ ಮಾಡುತ್ತೇನೆ.

ಶಿಗ್ಗಾವಿಗೆ ಕಾಕಾನ ಜೊತೆ ಒಬ್ಬರು ಹೋದರೆ ಸಾಕಿತ್ತು. ಅಪ್ಪ ಹೊರಟ. ಅಪ್ಪ ಹೊರಟನೆಂದು ಗಂಗತ್ತಿ ಹೊರಟಳು. ಇಬ್ಬರ ನಡುವೆ ಮಾತು ದಾಟಿಸಲು ನಾನು ಬೇಕಾಯಿತು. ಮಧ್ಯಾಹ್ನ ಮೈದಾನ ಮುಟ್ಟಿದಾಗ ಸ್ಟೇಜಿನ ಮೇಲೆ ತಾಲೀಮು ನಡೆದಿತ್ತು. ಮಾಸ್ತರರು ದಪ್ಪ ಮನುಷ್ಯ, ಕೊರಳಿಗೆ ಕರವಸ್ತ್ರ ಕಟ್ಟಿದ್ದರು. ನಮ್ಮ ಗಿಟಾರನ್ನು ಮೂಲೆಗಿಡಿಸಿ, ಪಾರ್ಟಿಯ ಕೆಂಪು ಎಲೆಕ್ಟ್ರಿಕ್ ಗಿಟಾರನ್ನು ಕಾಕಾನ ಕೊರಳಿಗೆ ಹಾಕಿಸಿ, ವೈರು ಚುಚ್ಚಿಸಿದರು. ಕಾಕಾ ಬೆರಳಿಟ್ಟು ಒಂದು ಏಟು ಎಳೆದ. ಅಕಾರ್ಡಿಯನ್ ಒರೆಸುತ್ತಿದ್ದವನ ಕೈ ನಿಂತಿತು.

“ಇದ! ಇದ ನೋಡ್ರಿ!” ಎಂದರು ಮಾಸ್ತರರು. “ಏನಂತಾರ ಇದಕ್ಕ?”

ಕಾಕಾ ಬಾಯಿ ತೆರೆದ. ಸ್ಟೇಜಿನ ಕೆಳಗಿನಿಂದ ಅಪ್ಪ “ಭೂಪ್ ರೀ” ಎಂದ.

“ಧಾನಿ” ಎಂದಳು ಗಂಗತ್ತಿ.

ಮಾಸ್ತರರು ಇಬ್ಬರನ್ನೂ ನೋಡಿ ಕಾಕಾನ ಕಡೆ ತಿರುಗಿದರು. “ಇವರ‍್ಯಾರಪಾ?”

“ನಮ್ಮ ಮನಿ ಮಂದಿ” ಎಂದ ಕಾಕಾ. ಅಷ್ಟು ದುಃಖದಿಂದ ಯಾರೂ ಆ ಮಾತು ಹೇಳಿದ್ದನ್ನು ನಾನು ಕೇಳಿಲ್ಲ.

ಆಗ ಬಾಸ್ ಗಿಟಾರಿನ ಹುಡುಗ, ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡವನು, ಬೇಸತ್ತು ಹೇಳಿದ: “ನಿಮ್ಮ ರಾಗ ನನಗ ಬ್ಯಾಡ್ರಿ. ನಾ ಕೆಳಗ ಒಂದ ಸ್ವರ ಹಿಡೀಬೇಕು. ಯಾವುದು ಹಿಡೀಲಿ, ಅದನ್ನ ಹೇಳ್ರಿ.”

“ಡಿ ಹಿಡಿ ತಮ್ಮಾ, ಡಿ” ಎಂದು ಗಂಗತ್ತಿ ಮೊದಲೇ ಹೇಳಿಬಿಟ್ಟಳು.

ಅವನು ಡಿ ಹಿಡಿದ, ಕಾಕಾ ಅದೇ ಕಾರ್ಡು ಬಾರಿಸಿದ. ಕಾರ್ಡಿನ ಮುಖವೇ ಕಪ್ಪಿಟ್ಟಿತು; ಬಾಗಿಲಲ್ಲಿ ನಿಂತವರು ಕೆಟ್ಟ ಸುದ್ದಿ ತಂದ ಹಾಗೆ. ಗಂಗತ್ತಿಯ ಮುಖ ಅರಳಿತು. ಅದು ಚಂದವಿರಲಿಲ್ಲವೆಂದಲ್ಲ, ಬಹಳ ಚಂದವಿತ್ತು. ಆದರೆ ಕ್ಯಾಸೆಟ್ಟಿನದಾಗಿರಲಿಲ್ಲ. ಕಾಕಾ ಕೆಳಗಿನ ತಂತಿಯೊಂದನ್ನೇ ಮೀಟಿ ನೋಡಿದ. ಆಮೇಲೆ, ನಾನು ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಕೇಳದ ದೊಡ್ಡ ದನಿಯಲ್ಲಿ ಹೇಳಿದ:

“ಎಫ್ ಹಿಡಿ. ಟೇಪಿನ್ಯಾಗ ಕೆಳಗಿನ ತಂತಿ ಎಫ್ ಐತಿ. ಎಫ್ ಸಿಕ್ಸ್ ನೈನ್ ಅಂತಾರ ಇದಕ್ಕ. ಬರ್ಕೋರಿ ಎಲ್ಲಾರೂ.”

ಎಫ್ ಹಿಡಿದಾಗ ಬಾಗಿಲು ತೆರೆಯಿತು. ಮಾಸ್ತರರು “ಇರಲಿ, ಇದ ಇರಲಿ” ಎಂದು ಕೈ ಎತ್ತಿದರು. ಅಪ್ಪ ಮೀಸೆಯ ಮೇಲೆ ಬೆರಳಾಡಿಸಿದ. ಗಂಗತ್ತಿ ನನಗೆ ಹೇಳಿದಳು, ಆದರೆ ಎಲ್ಲರಿಗೂ ಕೇಳಿಸುವ ಹಾಗೆ:

“ಕೆಳಗ ಕುಂತಾಂವ ಯಜಮಾನ ಅಂತ ಯಾವಾಗಿಂದ ಆತ? ಹಂಗಾದ್ರ ನಾಳೆಯಿಂದ ನಾನೂ ಮಣಿ ಬಿಟ್ಟು ನೆಲದ ಮ್ಯಾಲೇ ಕುಂದರ್ತೇನಿ.”

ದೀಪ ಹಚ್ಚುವ ಹೊತ್ತಿಗೆ ಕಾರ್ಯಕ್ರಮ ಶುರುವಾಯಿತು. ಮೈದಾನ ತುಂಬಿತ್ತು, ಮುಂದೆ ಹುಡುಗರು, ಒಂದು ಕಡೆ ಹೆಂಗಸರು, ಹಿಂದೆ ಬೀಡಿಗಳ ಸಾಲು. ಮಳೆ ಇಲ್ಲ, ಕರೆಂಟು ಇತ್ತು. ಬಣ್ಣದ ದೀಪದ ಕೆಳಗೆ ಕಾಕಾ ತೆಳ್ಳಗೆ, ಬೆಳ್ಳಗೆ, ಯಾರದೋ ಮನೆಯ ಹುಡುಗನ ಹಾಗೆ ಕಾಣುತ್ತಿದ್ದ. ಮಾಸ್ತರರು ಕೈ ಎತ್ತಿದರು. ಈ ಏಟು ಕೂಡಿದರೆ ಹುಬ್ಬಳ್ಳಿ, ತಪ್ಪಿದರೆ ಹಿರೇಕೆರೂರು ಎಂದು ನೆನಪಾದದ್ದೇ ತಡ, ನಾನು ಎರಡೂ ಕಿವಿಗೆ ಬೆರಳು ತುರುಕಿ, ಕಣ್ಣು ಮುಚ್ಚಿ, ತಲೆಯನ್ನು ಮೊಣಕಾಲಿನ ನಡುವೆ ಇಟ್ಟುಬಿಟ್ಟೆ. ಕಣ್ಣು ತೆರೆದಾಗ ಡ್ರಮ್ಮು ಜೋರಾಗಿ ನಡೆದಿತ್ತು, ಕಾಕಾ ಗಿಟಾರಿನ ಮೇಲೆ ಬಾಗಿ ಬಾರಿಸುತ್ತಿದ್ದ, ಜನ ಕೂತಿದ್ದರು. ಅಷ್ಟೂ ದಿನ ಕಾದ ಒಂದು ಏಟನ್ನು ನಾನು ಕೇಳಲೇ ಇಲ್ಲ. ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ಎರಡು ಹಾಡು ಮುಗಿಯುತ್ತಲೇ ಕಾಕಾನನ್ನು ಪಾರ್ಟಿಯ ಜೊತೆ ಬಿಟ್ಟು ನಾವು ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಅಪ್ಪ ಮತ್ತು ಗಂಗತ್ತಿ ನನ್ನನ್ನು ನಡುವೆ ಕೂರಿಸಿಕೊಂಡು, ನನ್ನನ್ನು ಮರೆತು, ತಾವೇ ಮಾತಾಡತೊಡಗಿದರು.

“ಕೇಳಿದೇನ ಅಕ್ಕಾ, ಹೆಂಗ ಬಂತು! ಮಂದಿ ತಗದ ಬಾಯಿ ಮುಚ್ಚಲಿಲ್ಲ. ಸ್ವಚ್ಛ ಭೂಪ.”

“ಬಂತು, ಬಂತು. ನನ್ನ ಕಣ್ಣಾಗ ನೀರ ಬಂದುವು. ಭೂಪಕ್ಕ ಯಾರಿಗರ ಕಣ್ಣಾಗ ನೀರ ಬರ್ತಾವೇನು? ಅದು ಧಾನಿಗೆ ಬರ್ತಾವು.”

ಮರುದಿನ ಊಟದ ಹೊತ್ತಿಗೆ ಕಾಕಾ ಮನೆಗೆ ಬಂದ. ಮಾಸ್ತರರು ಬೆನ್ನು ತಟ್ಟಿ “ಆ ಸುರುವಿನ ಕಾರ್ಡು ಬಾಳ ಸಾಫ್ ಬಂತು, ಸೋಮವಾರ ಹುಬ್ಬಳ್ಳಿಗೆ ಬಾ” ಅಂದರಂತೆ. ಅವ್ವ ಅಂದು ಮೊದಲ ರೊಟ್ಟಿಯನ್ನು ಯಾರನ್ನೂ ಕೇಳದೆ ಕಾಕಾನ ತಾಟಿಗೆ ಹಾಕಿದಳು. ಊಟವಾದ ಮೇಲೆ ಅಪ್ಪ ಪಡಸಾಲೆಯಲ್ಲಿ ಹಾರ್ಮೋನಿಯಂ ತೆಗೆದು, ಎಲೆಯ ಗಿರಾಕಿಗಳಿಗೆ ಹಿಂದಿನ ದಿನ ಕಾರ್ಡು ಹೇಗೆ ಬಂತೆಂದು ನುಡಿಸಿ ತೋರಿಸತೊಡಗಿದ. ಗಂಗತ್ತಿ ಅಲ್ಲಿಯೇ ನಿಂತು ತಿದ್ದತೊಡಗಿದಳು. ಹಿತ್ತಲಲ್ಲಿ ಕಾಕಾ ಬಿಳಿ ಪ್ಯಾಂಟು ಒಗೆಯುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತೆ.

“ಕಾಕಾ, ಯಾರಿಗೂ ಹೇಳಬ್ಯಾಡ. ನಾ ಕಿವಿ ಮುಚ್ಚಿಕೊಂಡಿದ್ನಿ. ನನಗ ಕೇಳಲಿಲ್ಲ. ಹೆಂಗ ಬಂತ ಅದು?”

ಅವನು ಪಡಸಾಲೆಯ ಕಡೆ ನೋಡಿದ, ಹಾರ್ಮೋನಿಯಂ ಇನ್ನೂ ಕೇಳಿಸುತ್ತಿತ್ತು. ದನಿ ತಗ್ಗಿಸಿದ.

“ಯಾರಿಗೂ ಕೇಳಲಿಲ್ಲ, ಶಾರಿ. ಬಾಸಿನಾಂವ ಹಿಡಿದ ಎಫ್ ಒಂದ ಕೇಳಿಸ್ತು. ಡ್ರಮ್ಮಿನ ಗದ್ದಲದಾಗ ಬಗ್ಗಿ ಸರಿ ಮಾಡಿಕೊಂಡ್ನಿ. ತಾಲೀಮಾದ ಮ್ಯಾಲೆ ತಗದ ವೈರನ್ನ ಗಿಟಾರಿಗೆ ಮತ್ತ ಚುಚ್ಚಿರಲಿಲ್ಲ.”